‘ರಾಶೋಮನ್’ ಹಾಕಿ ತತ್ತ್ವಶಾಸ್ತ್ರ ಪಾಠ: ನನ್ನ ಅನುಭವ

ಉಡುಪಿಯಲ್ಲಿ ಪದವಿ ಮಕ್ಕಳಿಗೆ ತತ್ತ್ವಶಾಸ್ತ್ರ ಹೇಳಿಕೊಡುವವ ನಾನು. ಜ್ಞಾನದ ಪಾಠವನ್ನು ಈಗ ಪುಸ್ತಕದಿಂದ ಶುರುಮಾಡುವುದಿಲ್ಲ. ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ 1950ರ ಸಿನಿಮಾ ‘ರಾಶೋಮನ್’ ಹಾಕುತ್ತೇನೆ. ಪೀಠಿಕೆ ಕೊಡುವುದಿಲ್ಲ. ಕೊಟ್ಟರೆ ಮಕ್ಕಳು ಸಿನಿಮಾ ನೋಡುವುದು ಬಿಟ್ಟು ನಾನು ಹೇಳಿದ್ದನ್ನೇ ಅದರಲ್ಲಿ ಹುಡುಕುತ್ತಾ ಕೂರುತ್ತಾರೆ. 88 ನಿಮಿಷದ ಚಿತ್ರ, ಎರಡು ಪೀರಿಯಡ್ ಸಾಕು.

ಕಾಡಿನಲ್ಲಿ ಒಬ್ಬ ಸಮುರಾಯ್, ಅಂದರೆ ಹಳೆಯ ಜಪಾನಿನ ಯೋಧ, ಸತ್ತಿದ್ದಾನೆ. ದರೋಡೆಕೋರ, ಸತ್ತವನ ಹೆಂಡತಿ, ಒಬ್ಬಳ ಮೈಮೇಲೆ ಬಂದು ಮಾತಾಡುವ ಸತ್ತವನೇ, ಕೊನೆಗೆ ಸೌದೆ ಕಡಿಯುವವ. ನಾಲ್ವರದು ನಾಲ್ಕು ಕಥೆ. (ಮೈಮೇಲೆ ಬರುವುದನ್ನು ನಮ್ಮೂರಿನ ಮಕ್ಕಳಿಗೆ ವಿವರಿಸಬೇಕಾಗಿಲ್ಲ.)

ವಿಚಾರಣೆಯ ದೃಶ್ಯದಲ್ಲಿ ನಿಲ್ಲಿಸುತ್ತೇನೆ. ಹೇಳಿಕೆ ಕೊಡುವವರು ನೆಲದಲ್ಲಿ ಕೂತು ಕ್ಯಾಮೆರಾದ ಕಡೆಗೇ ಮಾತಾಡುತ್ತಾರೆ. ಅವರ ಹಿಂದೆ, ಗೋಡೆಯ ಬುಡದಲ್ಲಿ, ಸೌದೆಯವನೂ ಒಬ್ಬ ಭಿಕ್ಷುವೂ ಬಿಸಿಲಿಗೆ ಕೂತಿದ್ದಾರೆ. ನ್ಯಾಯಾಧಿಕಾರಿ ಮಾತ್ರ ಕಾಣುವುದಿಲ್ಲ, ಅವನ ದನಿಯೂ ಇಲ್ಲ. ‘ಹಾಗಾದರೆ ಇವರು ಹೇಳುತ್ತಿರುವುದು ಯಾರಿಗೆ?’ ಅಂದರೆ ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬೆಂಚಿನಿಂದ ‘ನಮಗೇ ಸರ್’ ಎಂದು ಬರುತ್ತದೆ. ತೀರ್ಪು ಕೊಡುವ ಜಾಗದಲ್ಲಿ ನೋಡುಗರನ್ನು ಕೂರಿಸಿದ್ದು ಕ್ಯಾಮೆರಾ. ನಾನು ಎಷ್ಟು ಬಾಯಿಮಾಡಿದರೂ ಅದು ಆಗುವುದಿಲ್ಲ.

ಚಿತ್ರ ಮುಗಿದ ಕೂಡಲೇ ‘ಅವರವರ ಸತ್ಯ ಅವರವರಿಗೆ’ ಎಂಬ ಮಾತು ಬಂದೇ ಬರುತ್ತದೆ. ಈ ಚಿತ್ರದ ಬಗ್ಗೆ ಲೋಕವೆಲ್ಲ ಹೇಳುವುದೂ ಅದನ್ನೇ. ನಾನು ಒಪ್ಪುವುದಿಲ್ಲ. ನಾಲ್ವರೂ ಅಲ್ಲಗಳೆಯದ ಸಂಗತಿಗಳನ್ನು ಬೋರ್ಡಿನ ಮೇಲೆ ಬರೆಸುತ್ತೇನೆ. ಗಂಡ ಸತ್ತದ್ದು ಮೊದಲನೆಯದು. ಆಮೇಲೆ ಹೆಂಡತಿಯ ಬಳಿ ಇದ್ದ ಬೆಲೆಬಾಳುವ ಕಠಾರಿ ಎಲ್ಲಿ ಹೋಯಿತು ಎಂದು ಕೇಳುತ್ತೇನೆ. ಸೌದೆಯವನೇ ಎತ್ತಿಕೊಂಡಿದ್ದಾನೆ ಎಂಬುದು ಕೊನೆಗೆ ಹೊರಬೀಳುತ್ತದೆ. ಮುಚ್ಚಿಡಲು ಅವನಿಗೆ ಏನೋ ಇತ್ತು ಎಂದಮೇಲೆ, ನಡೆದದ್ದೂ ಒಂದು ಇತ್ತು.

ಇಲ್ಲಿ ನಮ್ಮ ಮಧ್ವಾಚಾರ್ಯರನ್ನು ತರುತ್ತೇನೆ. ಅವರಿಗೆ ಜಗತ್ತು ಸತ್ಯ. ಚಿಪ್ಪನ್ನು ಬೆಳ್ಳಿಯೆಂದು ಕಂಡರೆ ಅಲ್ಲಿ ಬೆಳ್ಳಿ ಇಲ್ಲ, ಚಿಪ್ಪಂತೂ ಇದೆ. ಒಮ್ಮೆ ಚರ್ಚೆಗೆಂದು ಕರೆದಿದ್ದ ರಥಬೀದಿ ಕಡೆಯ ಹಿರಿಯರೊಬ್ಬರು ಚಿತ್ರ ನೋಡಿ ಅಂದದ್ದು ಇಷ್ಟೇ: ‘ಕಂಡದ್ದು ತಪ್ಪಿರಬಹುದು ಮಾರಾಯ್ರೆ, ಹೆಣ ತಪ್ಪಲ್ಲವಲ್ಲ.’ ಜಗತ್ತು ಮಿಥ್ಯೆ ಎನ್ನುವ ಅದ್ವೈತ ಓದಿಕೊಂಡ ಹುಡುಗನೊಬ್ಬ ಬಿಡಲಿಲ್ಲ; ಗಂಟೆ ಹೊಡೆದರೂ ಇಬ್ಬರೂ ಏಳಲಿಲ್ಲ.

ಕೊಂದವರು ಯಾರೆಂದು ನಾನು ಪರೀಕ್ಷೆಯಲ್ಲಿ ಕೇಳುವುದಿಲ್ಲ. ಯಾರ ಮಾತನ್ನು ನಂಬುತ್ತೀರಿ, ಯಾಕೆ ಎಂದು ಒಂದು ಪುಟ ಬರೆಸುತ್ತೇನೆ. ಸತ್ತವನನ್ನು ನಂಬುವವರೇ ಜಾಸ್ತಿ, ಸತ್ತವರು ಸುಳ್ಳು ಹೇಳುವುದಿಲ್ಲವಂತೆ. ಚಿತ್ರದ ಭಿಕ್ಷುವೂ ಅದನ್ನೇ ಅನ್ನುತ್ತಾನೆ. ಮರುದಿನದ ತರಗತಿ ಅಲ್ಲಿಂದಲೇ ಶುರು.