ಮನೆ ಮುಂದಿನ ಮೆಟ್ಲಿಗೆ ಕಾರ್ಪೆಟ್: ಅಳತೆಯಿಂದ ಅಂಟಿಸೋವರೆಗೆ

ಫೋನಲ್ಲಿ ಕಾಣೋ ಚೆಂದದ ಕಾರ್ಪೆಟ್ ಮೆಟ್ಲುಗಳು ಹೆಚ್ಚುಕಮ್ಮಿ ಎಲ್ಲಾ ಮನೆ ಒಳಗಿನವು, ಮರದವು. ನಮ್ಮ ಬೆಂಗಳೂರಿನ ಥರ್ಟಿ ಫಾರ್ಟಿ ಸೈಟಿನ ಮನೇಲಿ ಮೆಟ್ಲು ಗೇಟ್ ಪಕ್ಕದಿಂದಾನೇ ಮೇಲಕ್ಕೆ ಹೋಗತ್ತೆ, ಪಾಲಿಶ್ ಗ್ರಾನೈಟು, ಅರ್ಧ ಶೀಟ್ ಕೆಳಗೆ ಅರ್ಧ ಮಳೇಲಿ. ಹಾಗಾಗಿ ಇಲ್ಲಿ ಹಾಕೋ ಕಾರ್ಪೆಟ್ ಕಿತ್ತು ಒಣಗಿಸೋಕೆ ಬರೋ ಹಾಗಿರ್ಬೇಕು, ಗಮ್ ಬಳಿದು ಪರ್ಮನೆಂಟ್ ಮಾಡ್ಕೊಡ್ತೀವಿ ಅಂದ್ರೆ ಬೇಡ ಅಂದ್ಬಿಡಿ.

ಮೊದ್ಲು ಮೆಟೀರಿಯಲ್. ಉಣ್ಣೆ, ಹತ್ತಿದು ಹೊರಗಡೆಗೆ ಆಗಲ್ಲ, ನೀರು ಕುಡಿದು ವಾಸನೆ ಬರತ್ತೆ. ಪಾಲಿಪ್ರೊಪಿಲೀನ್ ಔಟ್‌ಡೋರ್ ಕಾರ್ಪೆಟ್ ಕೇಳಿ, ಅದು ನೀರು ಹೀರಲ್ಲ, ಬೇಗ ಒಣಗತ್ತೆ. ತೆಂಗಿನ ನಾರಿಂದು ನೋಡೋಕೆ ಚೆಂದ, ಕಾಲಿನ ಮಣ್ಣೂ ಚೆನ್ನಾಗಿ ಕೆರೆಯತ್ತೆ, ಆದ್ರೆ ನೆನೆದ್ರೆ ಬೂಷ್ಟು ಹಿಡಿಯತ್ತೆ, ಪೋರ್ಟಿಕೋ ಕೆಳಗೆ ಮಾತ್ರ ಹಾಕಿ. ನವಲಗುಂದದ ಜಮಖಾನ ಹಾಕೋಣ ಅಂತ ಆಸೆ ಇದ್ರೆ ಹಾಲ್ ಒಳಗೆ ಹಾಸ್ಕೊಳಿ, ಕೈಲಿ ನೇಯ್ದಿದ್ದನ್ನ ಚಪ್ಪಲಿ ಕೆಳಗೆ ಹಾಕೋಕೆ ನನಗಂತೂ ಮನಸ್ಸು ಬರಲ್ಲ. ಬಣ್ಣ ಬೀಜ್, ಕ್ರೀಮ್ ಬೇಡ, ನಮ್ಮ ಧೂಳಿಗೆ ಒಂದೇ ವಾರ. ಉದ್ದ ಗೆರೆ ಡಿಸೈನೂ ಬೇಡ, ಸ್ವಲ್ಪ ಸೊಟ್ಟಗೆ ಕೂತ್ರೂ ಗೇಟಿಂದಾನೇ ಕಾಣತ್ತೆ.

ಈಗ ಅಳತೆ. ಮೆಟ್ಲೆಲ್ಲಾ ಮುಚ್ಚೋ ಹಾಗೆ ಉದ್ದಕ್ಕೆ ಒಂದೇ ರನ್ನರ್ (ಉದ್ದ ಪಟ್ಟಿ ಕಾರ್ಪೆಟ್) ಎಳೀಬಹುದು, ಇಲ್ಲಾ ಮೆಟ್ಲಿಗೊಂದು ಪೀಸ್ ಹಾಕ್ಬಹುದು. ಹೊರಗಿನ ಮೆಟ್ಲಿಗೆ ನನ್ನ ವೋಟು ಪೀಸಿಗೇ, ಒಂದು ಹಾಳಾದ್ರೆ ಅದೊಂದನ್ನೇ ಬದಲಾಯಿಸ್ಬಹುದು, ಮೆಟ್ಲು ತಿರುಗೋ ಜಾಗದಲ್ಲಿ ತಲೆನೋವೂ ಇಲ್ಲ. ಮೆಟ್ಲು 3 ಅಡಿ ಅಗಲ ಇದ್ರೆ ಎರಡೂ ಕಡೆ 4 ಇಂಚು ಕಲ್ಲು ಕಾಣೋಕೆ ಬಿಟ್ಟು 28 ಇಂಚು ಅಗಲ ಇಟ್ಕೊಳಿ. ಕಾಲಿಡೋ ಜಾಗ 11 ಇಂಚು ಇದ್ರೆ ಮುಂದಿನ ಅಂಚು ದಾಟಿ ಕೆಳಗೆ ಮಡಚೋಕೆ ಇನ್ನೊಂದು 2 ಇಂಚು ಸೇರ್ಸಿ, ಒಟ್ಟು 13. ಹನ್ನೆರಡು ಮೆಟ್ಲಿಗೆ 156 ಇಂಚು, ಅಂದ್ರೆ 13 ಅಡಿ, ವೇಸ್ಟೇಜ್‌ಗೆ ಇನ್ನೊಂದು ಅಡಿ ಜಾಸ್ತಿ ತಗೊಳಿ. ಮೇಸ್ತ್ರಿ ಎಲ್ಲಾ ಮೆಟ್ಲೂ ಒಂದೇ ಸಮ ಕಟ್ಟಿರ್ತಾರೆ ಅಂತ ನಂಬ್ಕೋಬೇಡಿ, ಒಂದೊಂದನ್ನೂ ಟೇಪ್ ಹಿಡಿದು ಅಳೀರಿ, ಪೀಸ್ ಹಿಂದೆ ಚಾಕ್‌ಪೀಸಲ್ಲಿ ನಂಬರ್ ಹಾಕಿ.

ಕಟ್ ಮಾಡೋದು ಹಿಂಭಾಗದಿಂದ, ಸ್ಟೀಲ್ ಸ್ಕೇಲ್ ಇಟ್ಟು ಹೊಸ ಬ್ಲೇಡ್ ಹಾಕಿದ ಕಟ್ಟರಲ್ಲಿ. ಅಂಗಡೀಲೇ ಅಂಚಿಗೆ ಓವರ್‌ಲಾಕ್ ಹೊಲಿಗೆ ಹಾಕ್ಕೊಟ್ರೆ ಹಾಕಿಸ್ಕೊಳಿ, ಇಲ್ಲಾಂದ್ರೆ ದಾರ ಬಿಟ್ಕೊಂಡು ಕಾಲಿಗೆ ಸಿಕ್ಕಾಕೊಳತ್ತೆ. ಕೈ ಆಡ್ಸಿ ನೋಡಿ, ಕಾರ್ಪೆಟ್ಟಿನ ರೋಮ ಯಾವ ಕಡೆ ಮಲಗತ್ತೋ ಆ ಕಡೆ ಮೆಟ್ಲು ಇಳಿಯೋ ದಿಕ್ಕಿಗೆ ಬರ್ಬೇಕು, ಎಲ್ಲಾ ಪೀಸೂ ಹಾಗೇ, ಇಲ್ಲಾಂದ್ರೆ ಒಂದೇ ರೋಲಿಂದು ಎರಡು ಬಣ್ಣ ಕಂಡಂಗಾಗತ್ತೆ.

ಅಂಟಿಸೋ ಹಿಂದಿನ ದಿನಾನೇ ಮೆಟ್ಲು ಸೋಪ್ ಹಾಕಿ ತೊಳೀರಿ, ಕಲ್ಲು ಪೂರ್ತಿ ಒಣಗ್ಬೇಕು, ಆಮೇಲೆ ಸ್ಪಿರಿಟ್ ಬಟ್ಟೇಲಿ ಒಂದ್ಸಲ ಒರೆಸಿ, ಪಾಲಿಶ್ ಗ್ರಾನೈಟ್ ಮೇಲೆ ಜಿಡ್ಡಿದ್ರೆ ಯಾವ ಟೇಪೂ ನಿಲ್ಲಲ್ಲ. ಡಬಲ್ ಸೈಡ್ ಕಾರ್ಪೆಟ್ ಟೇಪನ್ನ ನಾಲ್ಕೂ ಅಂಚಿಗೆ, ಮಧ್ಯಕ್ಕೊಂದು ಪಟ್ಟಿ ಹಾಕಿ. ಮೇಲಿನ ಮೆಟ್ಲಿಂದ ಶುರು ಮಾಡಿ ಇಳೀತಾ ಬನ್ನಿ, ಈಗಷ್ಟೇ ಅಂಟಿಸಿದ್ದನ್ನ ನೀವೇ ತುಳಿಯೋದು ತಪ್ಪತ್ತೆ. ಜಾಸ್ತಿ ಟೈಮ್ ಕೊಡ್ಬೇಕಾದ್ದು ಮುಂದಿನ ಅಂಚಿಗೆ, ಇಳಿಯೋವಾಗ ಕಾಲು ಜಾರೋದು ಅಲ್ಲೇ. ಎಳೆದು ಬಿಗಿಯಾಗಿ ಮಡಚಿ ಒತ್ತಿ, ಸಡಿಲ ಇರೋ ಕಾರ್ಪೆಟ್ಟು ಬರೀ ಕಲ್ಲಿಗಿಂತ ಡೇಂಜರು. ಒಂದು ರಾತ್ರಿ ಬಿಟ್ಟು ಅಂಚಲ್ಲಿ ಕಾಲಿಟ್ಟು ಮುಂದಕ್ಕೆ ತಳ್ಳಿ ನೋಡಿ, ಒಂಚೂರು ಸರಿದ್ರೂ ಕಿತ್ತು ಮತ್ತೆ ಅಂಟಿಸಿ, ಅಜ್ಜಿ ತಾತ ಇರೋ ಮನೇಲಂತೂ ಇದನ್ನ ಬಿಡ್ಲೇಬೇಡಿ.

ಕೆಳಗಿನ ಮೊದಲ್ನೇ ಮೆಟ್ಲು ಖಾಲಿ ಬಿಟ್ರೆ ರಂಗೋಲಿಗೆ ಜಾಗ ಆಗತ್ತೆ, ಬೆಳಿಗ್ಗೆ ಬಾಗಿಲಿಗೆ ನೀರು ಹಾಕೋವಾಗ ಕಾರ್ಪೆಟ್ ನೆನೆಯಲ್ಲ. ಜೂನಲ್ಲಿ ಮಳೆ ಜೋರಾದ್ರೆ ತೆಗೆದಿಡಿ, ಬಿಸಿಲು ಬಂದಾಗ ಟೆರೇಸಲ್ಲಿ ಉಲ್ಟಾ ಹಾಕಿ ಒಣಗ್ಸಿ, ಕಲ್ಲಿಗೆ ಉಳಿದ ಟೇಪಿನ ಗಮ್ಮು ಥಿನ್ನರ್ ಬಟ್ಟೇಲಿ ಹೋಗತ್ತೆ. ದೀಪಾವಳೀಲಿ ಮೆಟ್ಲ ಮೇಲೆ ಹಣತೆ ಇಡೋರು ಆ ಮೂರು ದಿನ ಪೀಸ್‌ಗಳನ್ನ ಎತ್ತಿಟ್ಬಿಡಿ, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕೇ, ಕಿಡಿ ತಾಕಿದ್ರೆ ಕರಗಿ ತೂತಾಗತ್ತೆ, ಬೆಂಕಿ ಹತ್ಕೊಂಡ್ರೂ ಹತ್ಕೊಳತ್ತೆ.