ಹಿಮ್ಮಡಿ ನೋವಿಗೆ ಹಾಸಿಗಿ ಮ್ಯಾಲೇ ಮಾಡೋ ಸ್ಟ್ರೆಚ್
ಸಿಂಧನೂರು ಕಡಿ ಅಂಗಡ್ಯಾಗ ಕಲ್ಲಿನ ನೆಲದ ಮ್ಯಾಲೆ ಬರಿಗಾಲಾಗ ನಿಲ್ಲೋರಿಗೆ ಮುಂಜಾನಿ ಮೊದಲ್ನೇ ಹೆಜ್ಜಿಗೇ ಹಿಮ್ಮಡಿ ಚುಚ್ಚತೈತಲ್ರಿ, ಬಹಳ ಸಲ ಅದು ಪ್ಲಾಂಟರ್ ಫ್ಯಾಸಿಯಾದ ನೋವು, ಅಂದ್ರ ಅಂಗಾಲಾಗ ಹಿಮ್ಮಡಿಯಿಂದ ಬೆರಳತನಕ ಇರೋ ಗಟ್ಟಿ ಪಟ್ಟೀದು. ಕಾಲು ಕೆಳಗ ಇಡೋಕಿಂತ ಮೊದ್ಲೇ ನೋವಿರೋ ಕಾಲು ಇನ್ನೊಂದು ತೊಡಿಮ್ಯಾಲೆ ಹಾಕ್ರಿ, ಕಾಲ್ಬೆರಳು ಕೈಲೆ ಮೊಣಕಾಲ ಕಡಿ ಎಳೀರಿ, ಅಂಗಾಲಾಗ ಪಟ್ಟಿ ಬಿಗಿಯಾಗಿದ್ದು ಕೈಗೆ ಸಿಗಬೇಕು, 10 ಸೆಕೆಂಡ್ ಹಿಡೀರಿ, 10 ಸಲ, ದಿನಕ್ಕ 3 ಹೊತ್ತು. 2003ರ ಒಂದು ಸ್ಟಡಿಯೊಳಗ ಮೀನಖಂಡದ ಸ್ಟ್ರೆಚ್‌ಗಿಂತ ಇದಾ ಚಲೋ ಅಂತ ಬಂದೈತಿ. ಶುಗರ್ ಇದ್ದು ಪಾದ ಜೋಮು ಹಿಡೀತಿದ್ರ ಮಾತ್ರ ಮೊದ್ಲು ಡಾಕ್ಟರಿಗೆ ತೋರಸ್ರಿ. ಸ್ವಲ್ಪ ತಡಕೊಳ್ಳೋಹಂಗ ಆದಮ್ಯಾಲೆ ಮೆಟ್ಲ ಮ್ಯಾಲೆ ನಿಂತು, ಬೆರಳ ಕೆಳಗ ಟವೆಲ್ ಸುತ್ತಿಟ್ಟು, ಒಂಟಿ ಕಾಲ್ಲೆ ಹಿಮ್ಮಡಿ ನಿಧಾನ ಎತ್ತಿ ಇಳಸ್ರಿ, ಇದು ದಿನ ಬಿಟ್ಟು ದಿನ ಸಾಕು.