ಹುಟ್ಟೂರಿಗೆ ಮರಳಿದ ಮೇಲಿನ ಹೊಸ ವರ್ಷದ ಸಂಕಲ್ಪ: ಮಾಡಿಕೊಳ್ಳುವ ಬಗೆ

ಹಲವು ವರ್ಷ ಬೇರೆಡೆ ಇದ್ದು ಹುಟ್ಟೂರಿಗೆ ಮರಳಿದವರು ಮೊದಲ ಹೊಸ ವರ್ಷಕ್ಕೆಂದು ಬರೆಯುವ ಸಂಕಲ್ಪಗಳಲ್ಲಿ ಎರಡು ಬಗೆಯ ಆಸೆಗಳು ಕಲೆತಿರುತ್ತವೆ. ಬಿಟ್ಟುಬಂದ ಊರಿನಲ್ಲಿ ಬಿಡುವಿಲ್ಲದೆ ಕೈಗೂಡದೆ ಉಳಿದವು ಕೆಲವು. ‘ಊರಿಗೆ ಹೋದ ಮೇಲೆ ಹೀಗಿರಬೇಕು’ ಎಂದು ದೂರದಲ್ಲಿ ಕುಳಿತು ಕಟ್ಟಿಕೊಂಡವು ಇನ್ನು ಕೆಲವು. ಇವೆರಡರಲ್ಲಿ ಯಾವುದೂ ಈಗ ಬದುಕುತ್ತಿರುವ ಊರನ್ನು ಕಣ್ಣಾರೆ ನೋಡಿ ಹುಟ್ಟಿದ್ದಲ್ಲ. ಹೀಗಾಗಿ ಮರಳಿ ಬಂದವರು ಪಟ್ಟಿ ಬರೆಯುವ ಮೊದಲು ಊರನ್ನೂ, ಅದಕ್ಕಿಂತ ಹೆಚ್ಚಾಗಿ ಆ ಊರಿನಲ್ಲಿ ತಾವು ನಡೆದುಕೊಳ್ಳುತ್ತಿರುವ ರೀತಿಯನ್ನೂ ಗಮನಿಸಬೇಕಾಗುತ್ತದೆ.

ಇದಕ್ಕೆ ಎರಡು ವಾರ ಸಾಕು. ಪ್ರತಿ ರಾತ್ರಿ ಮಲಗುವ ಮುನ್ನ ಒಂದು ನೋಟ್‌ಬುಕ್ಕಿನಲ್ಲಿ ಅಂದಿನ ದಿನ ಎಲ್ಲೆಲ್ಲಿ ಕಳೆಯಿತು, ಯಾರು ಕರೆದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಿರಿ, ವರ್ಷಗಳಿಂದ ಇಲ್ಲದ ಯಾವ ಹಳೆಯ ಅಭ್ಯಾಸ ಮತ್ತೆ ತಲೆಯೆತ್ತಿತು ಎಂಬುದನ್ನು ನಾಲ್ಕೈದು ಸಾಲುಗಳಲ್ಲಿ ಬರೆದಿಡಿ. ಒಳ್ಳೆಯದು, ಕೆಟ್ಟದ್ದು ಎಂಬ ತೀರ್ಪು ಈ ಹಂತದಲ್ಲಿ ಬೇಡ. ಸ್ವಂತ ಮನೆ ನಡೆಸಿಕೊಂಡು, ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಂಡು ಬಾಳಿದವರು ಹಳೆಯ ಕೋಣೆಗೆ ಬಂದ ಒಂದೇ ವಾರದಲ್ಲಿ ತಟ್ಟೆಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದುಹೋಗುವುದು, ಬೆಳಿಗ್ಗೆ ಯಾರಾದರೂ ಬಂದು ಎಬ್ಬಿಸುವವರೆಗೆ ಮಲಗಿರುವುದು, ‘ಎಲ್ಲಿಗೆ ಹೊರಟೆ?’ ಎಂಬ ಸಾಧಾರಣ ಪ್ರಶ್ನೆಗೆ ಹದಿನಾರರ ಹುಡುಗನ ಹಾಗೆ ಸಿಡುಕುವುದು ಅಪರೂಪವಲ್ಲ. ಬರೆದಿಡದಿದ್ದರೆ ಇವು ಕಣ್ಣಿಗೇ ಬೀಳುವುದಿಲ್ಲ.

ಹೀಗೇಕೆ ಆಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಸಾಕಷ್ಟು ವಿವರಿಸಿದ್ದಾರೆ. ಅಭ್ಯಾಸವೆಂಬುದು ಮನುಷ್ಯನ ಮನಸ್ಸಿನೊಳಗೆ ಮಾತ್ರ ಇರುವುದಿಲ್ಲ. ಅವನು ಕೂರುವ ಕುರ್ಚಿ, ಹಾದುಹೋಗುವ ಬಾಗಿಲು, ಜೊತೆಗಿರುವ ಜನ, ದಿನದ ಹೊತ್ತು ಇವುಗಳಿಗೂ ಅಂಟಿಕೊಂಡಿರುತ್ತದೆ. ಅಮೆರಿಕದ ವೆಂಡಿ ವುಡ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಸೇರಿದ ವಿದ್ಯಾರ್ಥಿಗಳ ವ್ಯಾಯಾಮ, ಪತ್ರಿಕೆ ಓದು, ಟಿವಿ ನೋಡುವಿಕೆ ಹೊಸ ಜಾಗದಲ್ಲಿ ಏನಾದವು ಎಂದು ಗಮನಿಸಲಾಯಿತು. ಹೊಸ ಜಾಗದ ಸನ್ನಿವೇಶ ಹಳೆಯದನ್ನೇ ಹೋಲುತ್ತಿದ್ದಲ್ಲಿ ಅಭ್ಯಾಸ ಹಾಗೆಯೇ ಮುಂದುವರಿಯಿತು. ಸನ್ನಿವೇಶ ಬದಲಾದಲ್ಲಿ ಅಭ್ಯಾಸದ ಹಿಡಿತ ಸಡಿಲಿ, ಅವರ ನಡವಳಿಕೆ ಆಗಿನ ಇಚ್ಛೆಯನ್ನು ಅನುಸರಿಸತೊಡಗಿತು. ಹುಟ್ಟೂರಿಗೆ ಮರಳುವವರ ಸ್ಥಿತಿ ಇದಕ್ಕಿಂತ ತುಸು ತೊಡಕಿನದು. ಬಿಟ್ಟುಬಂದ ಊರಿನ ಅಭ್ಯಾಸಗಳನ್ನು ಎತ್ತಿ ಹಿಡಿದಿದ್ದ ಸನ್ನಿವೇಶ ಒಂದು ಕಡೆ ಕಳಚಿಬೀಳುತ್ತದೆ. ಇನ್ನೊಂದು ಕಡೆ ಬಾಲ್ಯ ಮತ್ತು ಹರೆಯದ ಸನ್ನಿವೇಶ ಸಿದ್ಧವಾಗಿಯೇ ಕಾದಿರುತ್ತದೆ. ಹೊಚ್ಚ ಹೊಸ ಊರಿಗೆ ಹೋದವರಿಗೆ ಸಿಗುವ ಖಾಲಿ ಹಾಳೆ ಇವರಿಗೆ ಸಿಗುವುದಿಲ್ಲ.

ಆದರೂ ಅನುಕೂಲವೊಂದು ಇದ್ದೇ ಇದೆ, ಅದಕ್ಕೆ ಅವಧಿಯೂ ಇದೆ. ಬ್ರಿಟನ್ನಿನಲ್ಲಿ ಬಾಸ್ ವೆರ್‌ಪ್ಲಾಂಕೆನ್ ಮತ್ತು ಸಂಗಡಿಗರೊಬ್ಬರು ಸುಮಾರು 800 ಜನರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಸರಕ್ಕೆ ಹಿತವಾದ ನಡವಳಿಕೆಗಳನ್ನು ರೂಢಿಸಿಕೊಳ್ಳಲು ನೆರವು ನೀಡಿದಾಗ ಅದರ ಪರಿಣಾಮ ಈಚೆಗೆ ಮನೆ ಬದಲಿಸಿದವರಲ್ಲಿ ಹೆಚ್ಚು ಕಂಡಿತು. ಈ ಸಡಿಲ ಅವಧಿ ಮನೆ ಬದಲಿಸಿದ ಮೇಲೆ ಸುಮಾರು ಮೂರು ತಿಂಗಳು ಇರುತ್ತದೆಂದು ಅವರು ಅಂದಾಜು ಮಾಡಿದರು. ನಮ್ಮ ಲೆಕ್ಕಕ್ಕೆ ಇದರ ಅರ್ಥ ಸರಳ: ದಿನಗಳನ್ನು ಜನವರಿ 1ರಿಂದ ಎಣಿಸಬೇಡಿ, ಸಾಮಾನು ಇಳಿಸಿದ ದಿನದಿಂದ ಎಣಿಸಿ. ಅಕ್ಟೋಬರಿನಲ್ಲಿ ಬಂದವರು ಹೊಸ ವರ್ಷಕ್ಕೆಂದು ಕಾಯುತ್ತ ಕುಳಿತರೆ ಆ ಅವಧಿ ಬಹುತೇಕ ಮುಗಿದೇ ಹೋಗಿರುತ್ತದೆ. ಅವರು ನವೆಂಬರಿನಲ್ಲಿಯೇ ಆರಂಭಿಸಿ, ಹೊಸ ವರ್ಷದ ದಿನವನ್ನು ಮೊದಲ ಪರಿಶೀಲನೆಗೆ ಬಳಸಿಕೊಳ್ಳುವುದು ಲೇಸು. ಡಿಸೆಂಬರ್ ಕೊನೆಯ ವಾರದಲ್ಲಿ ಬಂದಿಳಿದವರು ಜನವರಿಯ ಮೊದಲೆರಡು ವಾರ ಗಮನಿಸುವುದಕ್ಕೇ ಮೀಸಲಿಟ್ಟು, ತಿಂಗಳ ನಡುವೆ ಸಂಕಲ್ಪ ಬರೆದರೆ ಯಾವ ನಷ್ಟವೂ ಇಲ್ಲ.

ಈಗ ಬರೆಯುವ ವಿಷಯ. ನೋಟ್‌ಬುಕ್ಕಿನಲ್ಲಿ ಕಂಡದ್ದನ್ನು ಮುಂದಿಟ್ಟುಕೊಂಡು ಎರಡು ಅಥವಾ ಮೂರು ಸಂಕಲ್ಪಗಳನ್ನು ಮಾತ್ರ ಆರಿಸಿಕೊಳ್ಳಿ. ಹೊಸ ಮನೆ, ಹೊಸ ಕೆಲಸದ ವ್ಯವಸ್ಥೆ, ಹಳೆಯ ಸಂಬಂಧಗಳ ಮರುಹೊಂದಾಣಿಕೆ ಇವೆಲ್ಲ ಈಗಾಗಲೇ ನಿಮ್ಮ ಶಕ್ತಿಯನ್ನು ಹೀರುತ್ತಿರುವಾಗ ಹತ್ತು ಅಂಶಗಳ ಪಟ್ಟಿ ಬರೀ ಅಲಂಕಾರ. ‘ಇದನ್ನು ಬಿಡುತ್ತೇನೆ’ ಎನ್ನುವುದಕ್ಕಿಂತ ‘ಇದನ್ನು ಮಾಡುತ್ತೇನೆ’ ಎಂಬ ರೂಪದಲ್ಲಿ ಅವುಗಳನ್ನು ಬರೆಯಿರಿ. ಸ್ವೀಡನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಜನರ ಹೊಸ ವರ್ಷದ ಸಂಕಲ್ಪಗಳನ್ನು ಒಂದು ವರ್ಷ ಹಿಂಬಾಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಡುವ ಗುರಿಯಿಟ್ಟುಕೊಂಡವರಲ್ಲಿ ಶೇ 58.9ರಷ್ಟು ಜನ ತಾವು ಯಶಸ್ವಿಯಾದೆವೆಂದು ಹೇಳಿದರೆ, ಬಿಡುವ ಗುರಿಯಿಟ್ಟುಕೊಂಡವರಲ್ಲಿ ಹಾಗೆ ಹೇಳಿದವರು ಶೇ 47.1.

ಆದರೆ ರೂಪ ಸರಿಯಾದರಷ್ಟೇ ಸಾಲದು, ಸಂಕಲ್ಪಕ್ಕೆ ಜಾಗ ಮತ್ತು ಹೊತ್ತು ಬೇಕು. ಜರ್ಮನಿಯ ಪೀಟರ್ ಗೊಲ್‌ವಿಟ್ಸರ್ ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂಬ ವಾಕ್ಯರೂಪವನ್ನು 1990ರ ದಶಕದಿಂದಲೂ ಅಧ್ಯಯನ ಮಾಡುತ್ತ ಬಂದವರು. ಬರಿಯ ಉದ್ದೇಶಕ್ಕಿಂತ ಇಂಥ ವಾಕ್ಯ ಹೆಚ್ಚು ಕೆಲಸ ಮಾಡುತ್ತದೆಂಬುದನ್ನು 94 ಪ್ರಯೋಗಗಳ ಒಟ್ಟು ವಿಶ್ಲೇಷಣೆ 2006ರಲ್ಲಿ ತೋರಿಸಿತು. ‘ಈ ವರ್ಷ ಆರೋಗ್ಯ ನೋಡಿಕೊಳ್ಳುತ್ತೇನೆ’ ಎಂಬುದನ್ನೇ ತೆಗೆದುಕೊಳ್ಳಿ. ಇದರಲ್ಲಿ ಊರಿಲ್ಲ, ಮನೆಯಿಲ್ಲ, ಗಡಿಯಾರವಿಲ್ಲ. ನೋಟ್‌ಬುಕ್ ನೋಡಿದಾಗ ಸಂಜೆ ಆರೂವರೆಗೆ ಕೆಲಸ ಮುಗಿಸಿ ಕೋಣೆಯಿಂದ ಹೊರಬಂದ ಕೂಡಲೇ ನಡುಮನೆಯ ಹಳೆಯ ಮೂಲೆಯಲ್ಲಿ ಟಿವಿ ಮುಂದೆ ಕೂತು, ರಾತ್ರಿಯ ಊಟದವರೆಗೂ ಏಳುತ್ತಿಲ್ಲ ಎಂಬುದು ಗೊತ್ತಾಗಿದೆಯೆಂದು ಇಟ್ಟುಕೊಳ್ಳೋಣ. ಆಗ ಸಂಕಲ್ಪ ಹೀಗಾಗುತ್ತದೆ: ‘ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ನಡುಮನೆಯನ್ನು ಹಾಯದೆ ಹಿಂಬಾಗಿಲಿನಿಂದ ಹೊರಬಿದ್ದು, ಅಲ್ಲಿಯೇ ಇಟ್ಟಿರುವ ಶೂ ಹಾಕಿಕೊಂಡು ಅರ್ಧ ಗಂಟೆ ನಡೆಯುತ್ತೇನೆ.’ ಶೂ ಮುಂಬಾಗಿಲ ಬಳಿ ಇದ್ದರೆ ಅದನ್ನು ತರಲು ನಡುಮನೆ ದಾಟಬೇಕು, ದಾಟುವಾಗ ಯಾರಾದರೂ ‘ಬಾ, ಕೂತ್ಕೋ’ ಎನ್ನುತ್ತಾರೆ, ಅಂದಿನ ನಡಿಗೆ ಅಲ್ಲಿಗೆ ಮುಗಿಯುತ್ತದೆ. ಶೂ ಇಡುವ ಜಾಗ ಬದಲಿಸುವುದು ಕ್ಷುಲ್ಲಕವೆನಿಸಬಹುದು. ನನ್ನ ಅಭಿಪ್ರಾಯದಲ್ಲಿ ಈ ಸಂಕಲ್ಪದ ಮುಖ್ಯ ಭಾಗ ಅದೇ. ಕುರ್ಚಿ, ಮೇಜು, ಮಲಗುವ ಮಂಚದ ಸ್ಥಾನವನ್ನು ಬದಲಿಸಲು ಮನೆಯವರ ಒಪ್ಪಿಗೆ ಸಿಕ್ಕರೆ ಮೊದಲ ವಾರದಲ್ಲಿಯೇ ಬದಲಿಸಿ, ಹಳೆಯ ಕೋಣೆಯನ್ನು ಹಳೆಯದಾಗಿಯೇ ಉಳಿಯಲು ಬಿಡಬೇಡಿ.

ಮನೆಯವರ ಮಾತು ಬಂದಿತು. ಪಾಲಕರೊಡನೆ ಅಥವಾ ಅವರ ಹತ್ತಿರವೇ ನೆಲೆಸುವವರ ಸಂಕಲ್ಪಗಳು ಸೋಮಾರಿತನಕ್ಕಿಂತ ಹೆಚ್ಚಾಗಿ ಪ್ರೀತಿಯಿಂದ ಮುರಿಯುತ್ತವೆ. ಕರೆದಾಗ ಹೋಗದಿರುವುದು ಕಷ್ಟ, ಹೋದರೆ ಆ ಹೊತ್ತು ಮತ್ತೆ ಸಿಗುವುದಿಲ್ಲ. ಇಲ್ಲಿ ಗುಟ್ಟಾಗಿ ಸಂಕಲ್ಪ ಮಾಡಿಕೊಂಡು, ಅದಕ್ಕೆ ಅಡ್ಡಿ ಬಂದಾಗ ಮುನಿಸಿಕೊಳ್ಳುವುದು ಅನ್ಯಾಯ; ಅವರಿಗೆ ಗೊತ್ತೇ ಇಲ್ಲದ ನಿಯಮವನ್ನು ಅವರು ಮುರಿದರೆಂದು ಹೇಳಿದಂತಾಗುತ್ತದೆ. ‘ಬೆಳಿಗ್ಗೆ ಏಳರಿಂದ ಎಂಟರವರೆಗೆ ನಾನು ಓದಿಕೊಳ್ಳುತ್ತೇನೆ, ಎಂಟು ಗಂಟೆಗೆ ಏನಿದ್ದರೂ ಹೇಳಿ, ಮಾಡಿಕೊಡುತ್ತೇನೆ’ ಎಂದು ಮೊದಲೇ ತಿಳಿಸಿ. ಎರಡನೆಯ ಅರ್ಧವನ್ನು ತಪ್ಪದೆ ನಡೆಸಿಕೊಟ್ಟರೆ ಮೊದಲ ಅರ್ಧವನ್ನು ಅವರೇ ಕಾಯುತ್ತಾರೆ. ಹಾಗೆಂದು ಇಡೀ ಬಳಗಕ್ಕೆ ಸಾರುವ ಅಗತ್ಯವಿಲ್ಲ. ಆ ಸ್ವೀಡನ್ನಿನ ಅಧ್ಯಯನದಲ್ಲಿಯೇ ಏನೂ ಬೆಂಬಲವಿಲ್ಲದವರಿಗಿಂತಲೂ, ಬಹಳ ಬೆಂಬಲ ಪಡೆದವರಿಗಿಂತಲೂ, ಅಷ್ಟಿಷ್ಟು ಬೆಂಬಲ ಪಡೆದವರೇ ಹೆಚ್ಚು ಯಶಸ್ವಿಯಾದರು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ವಿಚಾರಿಸುವವರಿಗೆ ಕೊರತೆಯಿರುವುದಿಲ್ಲ. ತಿಂಗಳಿಗೊಮ್ಮೆ ಕೇಳುವ ಒಬ್ಬ ಗೆಳೆಯನೋ ಗೆಳತಿಯೋ ಸಾಕು.

ಹಳೆಯ ಗೆಳೆಯರ ವಿಚಾರದಲ್ಲಿ ಇನ್ನೊಂದು ಎಚ್ಚರಿಕೆ. ‘ಎಲ್ಲರೊಡನೆ ಮತ್ತೆ ಮೊದಲಿನಂತೆ ಒಡನಾಡುತ್ತೇನೆ’ ಎಂಬುದು ಮರಳಿ ಬಂದವರ ಅಚ್ಚುಮೆಚ್ಚಿನ ಸಂಕಲ್ಪ, ಬೇಗ ನೋಯಿಸುವುದೂ ಅದೇ. ಸಮಾಜಶಾಸ್ತ್ರಜ್ಞ ಆಲ್ಫ್ರೆಡ್ ಶುಟ್ಸ್ ಊರಿಗೆ ಮರಳುವವನ ಬಗ್ಗೆ 1945ರಲ್ಲಿ ಬರೆದ ಲೇಖನದಲ್ಲಿ ಗುರುತಿಸಿದಂತೆ, ಬಂದವನಿಗೆ ಮನೆ ಮೊದಲಿನಂತೆ ಕಾಣುವುದಿಲ್ಲ, ಮನೆಯಲ್ಲಿದ್ದವರಿಗೆ ಬಂದವನೂ ಮೊದಲಿನವನಾಗಿ ಕಾಣುವುದಿಲ್ಲ. ಇಬ್ಬರೂ ಆ ನಡುವಿನ ಕಾಲವನ್ನು ಬೇರೆ ಬೇರೆಯಾಗಿ ಕಳೆದಿರುತ್ತಾರೆ. ಆದ್ದರಿಂದ ಹೆಸರು ಹಿಡಿದು ಇಬ್ಬರನ್ನು ಆರಿಸಿ, ತಿಂಗಳಿಗೊಂದು ಸಂಜೆ ಅವರ ಅನುಕೂಲದ ಹೊತ್ತಿನಲ್ಲಿ ಭೇಟಿಯಾಗುವುದಾಗಿ ಬರೆದುಕೊಳ್ಳಿ. ಊರು ಬಿಟ್ಟ ಮೇಲೆ ಬಂದು ನೆಲೆಸಿದ ಒಬ್ಬರ ಪರಿಚಯ ಮಾಡಿಕೊಳ್ಳುವುದನ್ನೂ ಇದಕ್ಕೆ ಸೇರಿಸಬಹುದು. ಅವರಿಗೆ ನಿಮ್ಮ ಹದಿಹರೆಯ ಗೊತ್ತಿಲ್ಲ, ಅದೊಂದು ದೊಡ್ಡ ಬಿಡುಗಡೆ.

ಹಣದ ಸಂಕಲ್ಪವನ್ನು ಮೂರು ತಿಂಗಳು ತಡೆಯಿರಿ. ಊರು ಬದಲಿಸಿದ ಮೊದಲ ತಿಂಗಳುಗಳ ಖರ್ಚು ಸಾಗಣೆ, ರಿಪೇರಿ, ಹೊಸ ಸಾಮಾನುಗಳಿಂದ ಏರುಪೇರಾಗಿರುತ್ತದೆ; ಅದರ ಆಧಾರದ ಮೇಲೆ ಹಾಕಿದ ಉಳಿತಾಯದ ಲೆಕ್ಕ ನಿಲ್ಲುವುದಿಲ್ಲ. ಅಲ್ಲಿಯವರೆಗೆ ಖರ್ಚನ್ನು ಬರೆದಿಟ್ಟರೆ ಸಾಕು.

ಸಂಕಲ್ಪ ತಪ್ಪಿದ ದಿನದ ಬಗ್ಗೆ ಮೊದಲೇ ತೀರ್ಮಾನಿಸಿಕೊಳ್ಳಿ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಹೋದ್ಯೋಗಿಗಳು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ನಡವಳಿಕೆಯೊಂದು ತಾನೇ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಕಾಲ ಸರಾಸರಿ 66 ದಿನ. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತಿತ್ತು. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕೂಡಿಬರುತ್ತದೆಂಬ ಜನಜನಿತ ಮಾತನ್ನು ನೆಚ್ಚಬಾರದು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂಡುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗುವುದಿಲ್ಲ ಎಂಬುದೂ ಆ ಅಧ್ಯಯನದಲ್ಲಿ ಕಂಡಿತ್ತು. ಮನೆಗೆ ನೆಂಟರು ಬಂದ ವಾರ, ಮನೆಯ ಹಿರಿಯರೊಬ್ಬರಿಗೆ ಹುಷಾರಿಲ್ಲದ ವಾರ ಏನು ಮಾಡುವುದು ಎಂಬುದನ್ನು ಸಂಕಲ್ಪದ ಕೆಳಗೇ ಬರೆದಿಡಿ: ಅರ್ಧ ಗಂಟೆಯ ನಡಿಗೆಯ ಬದಲು ಹತ್ತು ನಿಮಿಷ, ಅದೂ ಆಗದಿದ್ದರೆ ಬಿಟ್ಟು ಮರುದಿನ ಅದೇ ಹಿಂಬಾಗಿಲಿನಿಂದ ಹೊರಡುವುದು.

ಮಾರ್ಚ್ ಕೊನೆಯಲ್ಲಿ ಒಮ್ಮೆ ಪಟ್ಟಿಯನ್ನು ತೆಗೆದು ಓದಿ. ಅಷ್ಟರಲ್ಲಿ ಊರು ತನ್ನ ಈಗಿನ ರೂಪದಲ್ಲಿ ಪರಿಚಯವಾಗಿರುತ್ತದೆ, ಬಿಟ್ಟುಬಂದ ಊರಿನ ಬದುಕಿಗೆ ಮಾತ್ರ ಹೊಂದುತ್ತಿದ್ದ ಸಂಕಲ್ಪ ಯಾವುದೆಂದು ಥಟ್ಟನೆ ತಿಳಿಯುತ್ತದೆ. ಅದನ್ನು ಹಿಂಜರಿಯದೆ ಹೊಡೆದುಹಾಕಿ. ಕೊನೆಯದಾಗಿ, ‘ಇಲ್ಲಿಯೇ ಉಳಿಯುತ್ತೇನೆ’ ಎಂಬುದನ್ನು ಸಂಕಲ್ಪವಾಗಿ ಬರೆಯಬೇಡಿ. ಉಳಿಯುವುದೋ ಮತ್ತೆ ಹೊರಡುವುದೋ ಎಂಬ ಪ್ರಶ್ನೆಗೆ ಕ್ಯಾಲೆಂಡರಿನಲ್ಲಿ ಬೇರೆಯೇ ಒಂದು ದಿನ ಗೊತ್ತುಮಾಡಿ, ವರ್ಷದ ನಡುವೆ ಎಲ್ಲಾದರೂ ಸರಿ, ಅದನ್ನು ತೀರ್ಮಾನಿಸಲು ಆ ಹೊತ್ತಿಗೆ ಏನೇನು ತಿಳಿದಿರಬೇಕೆಂದು ಕೆಳಗೆ ಬರೆದಿಡಿ: ಕೆಲಸ ಇಲ್ಲಿಂದ ನಡೆಯುತ್ತದೆಯೇ, ಖರ್ಚು ಎಷ್ಟಕ್ಕೆ ನಿಲ್ಲುತ್ತದೆ, ಮನೆಯವರಿಗೆ ನಿಜವಾಗಿ ಏನು ಬೇಕಿದೆ. ಆ ದಿನ ಬರುವವರೆಗೆ ಯಾರು ಕೇಳಿದರೂ ‘ಇನ್ನೂ ನೋಡುತ್ತಿದ್ದೇನೆ’ ಎಂದರೆ ಸಾಕು.